ಅನಾರ್‌ಕುಲ್ ಜೋಡಿಸಿದ ತಗಡಿನ ಡಬ್ಬ

ಕಿರ್ಗಿಸ್ತಾನದ ನಾರಿನ್ ಊರಿನ ಪೇಟೆಯ ಹಿಂಬದಿಯಲ್ಲಿ ಹಳೆಯ ಸರಕು ಕಂಟೇನರುಗಳನ್ನು ಸಾಲಾಗಿ ಇಟ್ಟು ಮಾಡಿದ ಅಂಗಡಿಗಳಿವೆ. ಅನಾರ್‌ಕುಲ್‌ದು ಆ ಸಾಲಿನ ಕೊನೆಯದು. ವಯಸ್ಸು ಐವತ್ತೆಂಟು. ಆಟ ಆಡುವ ಮಕ್ಕಳಿಗೆ ಕಂಪ್ಯೂಟರ್ ಜೋಡಿಸಿಕೊಡುವುದು ಅವಳ ಕಸುಬು. ಅವಳ ಕೈಗೆ ಎಷ್ಟು ಹೆಸರಿತ್ತೋ ಬಾಯಿಗೂ ಅಷ್ಟೇ ಹೆಸರಿತ್ತು. ಐದು ಹೊತ್ತಿನ ನಮಾಜು ತಪ್ಪಿಸಿದವಳಲ್ಲ. ಆದರೆ ಒಂದು ನಮಾಜಿಗೂ ಇನ್ನೊಂದಕ್ಕೂ ನಡುವೆ ಯಾರನ್ನಾದರೂ ಬೈದು, "ತೌಬಾ" ಎಂದು ಬಾಯಿ ಮುಚ್ಚಿಕೊಂಡು, ಮುಚ್ಚಿದ ಬಾಯನ್ನೇ ತೆರೆದು ಮತ್ತೆ ಬೈಯುವವಳು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತುರ್ಗುನ್‌ಬೆಕ್ ಬಂದ. ಕುರಿ ವ್ಯಾಪಾರದವನು, ದೊಡ್ಡ ದನಿಯವನು. ಹಿಂದೆ ಅವನ ತಂಗಿಯ ಮಗಳು ಐಜಿರೆಕ್ ನಿಂತಿದ್ದಳು. ಹತ್ತೊಂಬತ್ತರ ಹುಡುಗಿ. ಐವರು ಸೇರಿ ಆಡುವ ಕಂಪ್ಯೂಟರ್ ಆಟದಲ್ಲಿ ಊರಿನ ತಂಡಕ್ಕೆ ಅವಳೇ ಮುಂದಾಳು. ರಾಜಧಾನಿಯ ಪಂದ್ಯಾವಳಿಗೆ ಹೋಗಲು ಎರಡು ವಾರದೊಳಗೆ ಒಂದು ಆಯ್ಕೆಯ ಪಂದ್ಯವಿತ್ತು. ಅದನ್ನು ಮನೆಯಿಂದಲೇ ಆಡಬೇಕಿತ್ತು. ಅದಕ್ಕೆ ಬೇಕಾದ ಕಂಪ್ಯೂಟರಿಗೆಂದು ಬಳಗದವರೆಲ್ಲ ಅರವತ್ತು ಸಾವಿರ ಸೊಮ್ ಕೂಡಿಸಿದ್ದರು.

ಅನಾರ್‌ಕುಲ್ ಒಂದು ರಟ್ಟಿನ ತುಂಡಿನ ಮೇಲೆ ಪಟ್ಟಿ ಬರೆದಳು. ಹತ್ತಿರ ಹತ್ತಿರ ಅರ್ಧ ದುಡ್ಡು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೆ. ಆಮೇಲೆ ಅದಕ್ಕೆ ಸರಿಯಾದ ಪ್ರೊಸೆಸರ್. ಮೆಮೊರಿ ಎರಡು ತುಂಡು. ಕರೆಂಟನ್ನು ಹದ ಮಾಡಿ ಹಂಚುವ ಒಳ್ಳೆಯ ಪವರ್ ಸಪ್ಲೈ. ಕೊನೆಯ ಸಾಲಿನಲ್ಲಿ, ಇವನ್ನೆಲ್ಲ ಕೂರಿಸುವ ಡಬ್ಬ: ಎರಡು ಸಾವಿರ.

ತುರ್ಗುನ್‌ಬೆಕ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. "ಅಲ್ಲಕ್ಕಾ, ಡಬ್ಬಕ್ಕೆ ಬರೀ ಎರಡು ಸಾವಿರಾನಾ? ಭಾನುವಾರ ಇಡೀ ಬಳಗ ನೋಡೋಕೆ ಬರುತ್ತೆ. ಹೊಸದನ್ನ ನೋಡಿದ್ದಕ್ಕೆ ಕಾಣಿಕೆ ಕೊಡೋರು ಏನನ್ನ ನೋಡಬೇಕು? ತಗಡನ್ನಾ?"

"ಆಟ ನೋಡಲಿ."

"ಮುದುಕೀರಿಗೆ ಆಟ ಏನು ಗೊತ್ತಾಗುತ್ತೆ? ಗಾಜಿಂದು ಬೇಕು. ಒಳಗೆ ಬಣ್ಣಬಣ್ಣದ ದೀಪ ತಿರುಗಬೇಕು, ಆರು ಫ್ಯಾನು. ನಾನು ಆರಿಸಿಟ್ಟಿದೀನಿ. ಹದಿನಾಲ್ಕು ಸಾವಿರ."

"ಆ ಹದಿನಾಲ್ಕನ್ನ ಎಲ್ಲಿಂದ ತೆಗೀಲಿ, ನಿನ್ನ ಟೋಪಿಯೊಳಗಿಂದಾನಾ?"

"ಈ ಪವರ್ ಸಪ್ಲೈ ಅಗ್ಗದ್ದು ಹಾಕು. ಒಳಗಿರೋದು ಯಾರಿಗೆ ಕಾಣುತ್ತೆ?"

ಅನಾರ್‌ಕುಲ್ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಕಾಣೋನಿಗೆ ಕಾಣುತ್ತೆ ಕಣಯ್ಯಾ. ಹೊಟ್ಟೇಲಿರೋ ಕರುಳು ಕಾಣುತ್ತಾ? ಕಾಣಲ್ಲ ಅಂತ ಕಿತ್ತು ಮಾರ್ತೀಯಾ? ನಿಮ್ಮ ಬೀದೀಲಿ ಸಂಜೆ ಎಲ್ಲರೂ ವಿದ್ಯುತ್ ಹೀಟರ್ ಹಾಕಿದ್ರೆ ಬಲ್ಬು ಕುಂಬಳಕಾಯಿ ಬಣ್ಣಕ್ಕೆ ತಿರುಗುತ್ತೆ. ಅಲ್ಲಿ ಅಗ್ಗದ್ದು ಹಾಕಿದ್ರೆ ತಾನೂ ಸಾಯುತ್ತೆ, ಪಕ್ಕದವರನ್ನೂ ಕರ್ಕೊಂಡು ಹೋಗುತ್ತೆ. ನಾನು ಮಾಡಲ್ಲ."

"ಮಾವ, ಅಕ್ಕ ಹೇಳಿದ ಹಾಗೇ..." ಎಂದು ಐಜಿರೆಕ್ ಬಾಯಿ ತೆರೆದಳು.

"ನೀನು ಸುಮ್ನಿರು. ದೊಡ್ಡೋರು ಮಾತಾಡ್ತಿದೀವಿ." ತುರ್ಗುನ್‌ಬೆಕ್ ರಟ್ಟನ್ನು ಮೇಜಿನ ಮೇಲೆ ಎಸೆದು, "ರಿಸ್ಬಾಯ್ ಮಾಡಿಕೊಡ್ತಾನೆ. ಅವನಿಗೆ ಗಿರಾಕಿ ಅಂದ್ರೆ ಗೌರವ ಇದೆ" ಎಂದು ಆಚೆ ಸಾಲಿನ ಅಂಗಡಿಗೆ ನಡೆದ. ಹುಡುಗಿ ಎರಡು ಸಲ ತಿರುಗಿ ನೋಡುತ್ತ ಅವನ ಹಿಂದೆ ಹೋದಳು.

ಆ ದಿನವೆಲ್ಲ ಅನಾರ್‌ಕುಲ್ ಕುದಿಯುತ್ತಿದ್ದಳು. ಈ ಕೋಪ ಹೊಸದಲ್ಲ, ಅವಳ ಮದುವೆಯಷ್ಟು ಹಳೆಯದು. ಅತ್ತೆಯ ಮನೆಯಲ್ಲಿ ಪೆಟ್ಟಿಗೆಯ ಮೇಲೆ ಹದಿನೆಂಟು ರಜಾಯಿಗಳ ಅಟ್ಟಿ ಸೂರಿನವರೆಗೆ ನಿಂತಿತ್ತು. ಬಂದವರು ಎಣಿಸಿ ಹೊಗಳುವುದಕ್ಕಾಗಿ ಇಟ್ಟಿದ್ದ ಅಟ್ಟಿ ಅದು, ಹೊದೆಯುವುದಕ್ಕಲ್ಲ. ಮೊದಲ ಚಳಿಗಾಲದಲ್ಲಿ ಕೂಸಿಗೆ ಎದೆ ಕಟ್ಟಿ ಉಸಿರು ಸಿಳ್ಳೆ ಹಾಕುತ್ತಿದ್ದಾಗಲೂ ಅತ್ತೆ, "ಅಟ್ಟಿ ಕೆಡಿಸಬೇಡ, ನಾಳೆ ಬೀಗರು ಬರ್ತಾರೆ" ಎಂದಿದ್ದಳು. ಇಪ್ಪತ್ತರ ಸೊಸೆ ಎದ್ದು ಎಲ್ಲಕ್ಕಿಂತ ಕೆಳಗಿನ, ಎಲ್ಲಕ್ಕಿಂತ ದಪ್ಪದ ರಜಾಯಿಯನ್ನೇ ಹಿಡಿದು ಎಳೆದಳು. ಅಟ್ಟಿಗೆ ಅಟ್ಟಿಯೇ ಉರುಳಿತು. ಕೂಸು ಬದುಕಿತು. ಅತ್ತೆ ಎರಡು ವರ್ಷ ಮಾತು ಬಿಟ್ಟಳು.

ಮುಂದೆ ಅಳತೆಯ ಉಪಕರಣಗಳ ಕಾರ್ಖಾನೆಯಲ್ಲಿ ಬೆಸುಗೆ ಹಾಕಿದಳು. ಸೋವಿಯತ್ ದೇಶ ಒಡೆದು ಕಾರ್ಖಾನೆ ಮುಚ್ಚಿದ ಮೇಲೆ ಟೀವಿ ರಿಪೇರಿ ಮಾಡಿದಳು. ಟೀವಿಯ ಕಾಲ ಮುಗಿದಾಗ ಹಾಳಾದ ಕಂಪ್ಯೂಟರುಗಳನ್ನು ಬಿಚ್ಚಿ ಬಿಚ್ಚಿ ತಾನೇ ಕಲಿತಳು. ಮೊದಲ ಸ್ಕ್ರೂ ಬಿಗಿಯುವಾಗ ಬಿಸ್ಮಿಲ್ಲಾ ಎನ್ನುವಳು. ಪವರ್ ಸಪ್ಲೈ ಬಂದರೆ ಮೇಲಿನ ಚೀಟಿ ಓದುವ ಮೊದಲು ಅಂಗೈಯಲ್ಲಿ ತೂಗಿ ನೋಡುವಳು. ಒಳಗೆ ತಾಮ್ರವಿದ್ದರೆ ಕೈ ಕೆಳಗಿಳಿಯಬೇಕು ಎಂಬುದು ಅವಳ ಲೆಕ್ಕ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಐಜಿರೆಕ್ ಕೈಗಾಡಿ ಹಿಡಿದು ಕಾಯುತ್ತಿದ್ದಳು. ಗಾಡಿಯಲ್ಲಿ ಗಾಜಿನ ಡಬ್ಬ. ಅವಳ ಕಣ್ಣು ಊದಿಕೊಂಡಿತ್ತು.

"ನಿನ್ನೆ ಎಲ್ಲರೂ ಬಂದಿದ್ರು. ಅಜ್ಜಿ ಕೈಯೆತ್ತಿ ಹರಸಿದ್ಳು. ಎಲ್ಲರೂ ದೀಪ ನೋಡಿ, ಮದುವೆ ಮನೆ ಇದ್ದಂಗಿದೆ ಅಂತ ಕಾಣಿಕೆ ಇಟ್ರು. ಅಡುಗೆಮನೇಲಿ ಅತ್ತೆಯಂದಿರು ಬೋರ್ಸೋಕ್ ಹಿಟ್ಟಿನ ತುಂಡು ಕರಿಯೋಕೆ ಎರಡು ಎಲೆಕ್ಟ್ರಿಕ್ ಒಲೆ ಹಚ್ಚಿದ್ರು. ಬಲ್ಬು ಕೆಂಪಗಾಯ್ತು, ಆಮೇಲೆ ಕರೆಂಟು ಎಗರಿ ಬಂತು. ಢಬ್ ಅಂತು ಅಕ್ಕಾ. ಹೊಗೆ ಬಂತು."

"ನಿಮ್ಮ ಮಾವ ಏನಂದ?"

"ಯಾರದೋ ಕಣ್ಣು ಬಿತ್ತು ಅಂದ."

"ಕಣ್ಣಲ್ಲ, ಅವನ ಕೊಬ್ಬು ಬಿತ್ತು!" ಅನಾರ್‌ಕುಲ್ ಡಬ್ಬ ಬಿಚ್ಚಿ, ಸುಟ್ಟ ಪವರ್ ಸಪ್ಲೈಯನ್ನು ಕಿತ್ತು ಅಂಗೈಯ ಮೇಲಿಟ್ಟುಕೊಂಡಳು. "ನೋಡು, ಐನೂರು ವ್ಯಾಟ್ ಅಂತ ಬರೆದಿದೆ. ಬನ್ನಿನಷ್ಟು ಹಗುರ. ಈ ರಿಸ್ಬಾಯನಿಗೆ ಮಕ್ಕಳಿಲ್ವಾ? ತೌಬಾ. ಇದನ್ನ ಅವನ ತಲೆಗೇ ಕಟ್ಟಬೇಕು."

ಮದರ್‌ಬೋರ್ಡ್ ಸುಟ್ಟಿತ್ತು. ದೇವರ ದಯೆ, ಪ್ರೊಸೆಸರ್, ಮೆಮೊರಿ ಉಳಿದಿದ್ದವು. ಗ್ರಾಫಿಕ್ಸ್ ಕಾರ್ಡೂ ಉಳಿದಿತ್ತು. ಆದರೆ ದೀಪಕ್ಕೆ ಸುರಿದು ಮಿಕ್ಕಿದ್ದರಲ್ಲಿ ಕೊಂಡ ಆ ಕಾರ್ಡು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

"ಹೊಗೆ ಬರೋಕೆ ಮುಂಚೆ ಆಟ ಹೆಂಗಿತ್ತು?"

"ತಡವರಿಸ್ತಿತ್ತು. ನಾನು ತಿರುಗೋ ಹೊತ್ತಿಗೆ ಸತ್ತಿರ್ತಿದ್ದೆ." ಹುಡುಗಿ ಓಢಣಿಯ ಗಂಟು ಬಿಚ್ಚಿ ನೋಟುಗಳನ್ನು ಮೇಜಿನ ಮೇಲಿಟ್ಟಳು. "ನೋಡಿದ ಕಾಣಿಕೆ. ಇದು ನನ್ನದು, ಮಾವನ್ನ ಕೇಳಬೇಕಿಲ್ಲ. ಶುಕ್ರವಾರ ಪಂದ್ಯ."

"ಸಾಲದು. ಈ ಗಾಜಿನ ಡಬ್ಬ ಮಾರಬೇಕು. ದೀಪ, ಫ್ಯಾನು, ಕಾರ್ಡು, ಎಲ್ಲ. ಧೈರ್ಯ ಇದೆಯಾ?"

ಐಜಿರೆಕ್ ಗಾಜಿನ ಡಬ್ಬವನ್ನು ಅವಳತ್ತ ತಳ್ಳಿದಳು. "ಮಾರಿ" ಎಂದಳು.

ಪೇಟೆಯ ಕ್ಷೌರದವನು ಕಿಟಕಿಯಲ್ಲಿಟ್ಟುಕೊಳ್ಳಲು ಡಬ್ಬವನ್ನು ದೀಪಗಳ ಸಮೇತ ಕೊಂಡ. ಸುದ್ದಿ ಕೇಳಿ ಮಧ್ಯಾಹ್ನಕ್ಕೆ ತುರ್ಗುನ್‌ಬೆಕ್ ಉರಿಯುತ್ತಲೇ ಬಂದ.

"ನನ್ನ ಮರ್ಯಾದೇನ ಕ್ಷೌರದಂಗಡೀಲಿ ಇಟ್ಟಿದೀಯಲ್ಲ! ನಿನ್ನೆ ಬರದೇ ಇದ್ದೋರು ಇವತ್ತು ನೋಡೋಕೆ ಬಂದ್ರೆ ಏನು ತೋರಿಸ್ಲಿ?"

"ನಿನ್ನ ಮುಖ ತೋರಿಸು, ಅದೂ ಅಷ್ಟೇ ಕೆಂಪಗಿದೆ. ಈ ಹುಡುಗಿ ಶುಕ್ರವಾರ ಸೋತ್ರೆ ಯಾರ ಮರ್ಯಾದೆ ಹೋಗೋದು? ಆಡೋಳು ಅವಳು. ನೀನು ಕೊಡಿಸಿದ್ದು ಅವಳಿಗಾ, ಬೀಗರಿಗಾ? ಒಂದೇ ಮಾತಲ್ಲಿ ಹೇಳು."

ತುರ್ಗುನ್‌ಬೆಕ್ ಅಕ್ಕಪಕ್ಕದ ಅಂಗಡಿಯವರನ್ನು ನೋಡಿದ. ಅವರೆಲ್ಲ ಕೆಲಸ ಬಿಟ್ಟು ಅವನ ಬಾಯನ್ನೇ ನೋಡುತ್ತಿದ್ದರು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಹೊರಟುಹೋದ.

ಅನಾರ್‌ಕುಲ್ ಮೂರು ದಿನ ಕೂತಳು. ಕೈಗೆ ಇಟ್ಟಿಗೆಯಂತೆ ತೂಗುವ ಪವರ್ ಸಪ್ಲೈ ತಂದಳು. ಸಾದಾ ಬೋರ್ಡ್ ಹಾಕಿದಳು. ಯಾರೋ ಬಳಸಿದ್ದ, ಆದರೆ ಬಲವಾದ ಗ್ರಾಫಿಕ್ಸ್ ಕಾರ್ಡನ್ನು ಮೂರು ಗಂಟೆ ಎಡೆಬಿಡದೆ ಓಡಿಸಿ, ಬಿಸಿ ಅಳೆದು, ಆಮೇಲೆ ಕೊಂಡಳು. ಹಳೆಯ ಕಚೇರಿಯ ಬೂದು ತಗಡಿನ ಡಬ್ಬವೊಂದನ್ನು ಗಾಳಿಯಾಡಲು ಮುಂದುಗಡೆ ಕೊರೆದು ಎಲ್ಲವನ್ನೂ ಅದರೊಳಗೆ ಕೂರಿಸಿದಳು.

ಶುಕ್ರವಾರ ಸಂಜೆ ಅವಳೇ ಐಜಿರೆಕ್ ಮನೆಗೆ ಹೋದಳು. ಬಳಗ ಮತ್ತೆ ತುಂಬಿತ್ತು. ಹುಡುಗಿ ಬೋರಲು ಹಾಕಿದ ಬಕೆಟ್ಟಿನ ಮೇಲೆ ದಿಂಬಿಟ್ಟುಕೊಂಡು, ಹೆಡ್‌ಫೋನಿನಿಂದ ಕಿವಿ ಮುಚ್ಚಿಕೊಂಡು ಆಡುತ್ತಿದ್ದಳು. ಆಟ ನೀರಿನಂತೆ ಹರಿಯುತ್ತಿತ್ತು. ಪಂದ್ಯ ಅರ್ಧ ದಾಟಿದಾಗ ಬಲ್ಬು ಕುಗ್ಗಿತು, ಕೆಂಪಾಯಿತು. ಮೂಲೆಯ ಟೀವಿ ಆರಿತು. ಬೂದು ಡಬ್ಬದ ಗುಂಯ್‌ಗುಡುವಿಕೆ ಮಾತ್ರ ನಿಲ್ಲಲಿಲ್ಲ.

"ಒಲೆ ಆರಿಸ್ರೇ! ಯಾರದು ಒಲೆ ಹಚ್ಚಿರೋದು?" ಎಂದು ತುರ್ಗುನ್‌ಬೆಕ್ ಅಡುಗೆಮನೆಗೆ ಓಡಿದ.

ಐಜಿರೆಕ್‌ಗೆ ಇದೊಂದೂ ತಿಳಿಯಲಿಲ್ಲ. ಬಲ್ಬು ಕುಗ್ಗಿದ್ದೂ, ಮತ್ತೆ ಬೆಳಗಿದ್ದೂ. ಇಪ್ಪತ್ತು ನಿಮಿಷದ ಮೇಲೆ ಕೈ ಮೇಲೆತ್ತಿ ಕಿರುಚಿದಾಗಲೇ ಎಲ್ಲರಿಗೂ ಗೆದ್ದದ್ದು ಗೊತ್ತಾಯಿತು.

ತುರ್ಗುನ್‌ಬೆಕ್ ಆಗಲೇ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ: "ಹ್ಞೂಂ, ನಾವೇ ಬೇಕಂತ ಸಾದಾ ಡಬ್ಬ ಹಾಕಿಸಿದ್ದು. ಮೇಲಿನ ಥಳುಕು ಏನಕ್ಕೆ? ಒಳಗಿಂದು ಮುಖ್ಯ."

ಅನಾರ್‌ಕುಲ್‌ಗೆ ಕಿವಿಯ ತುದಿಯವರೆಗೆ ಉರಿಯಿತು. ಇನ್ನೊಂದು ಮಾತು ಕೇಳಿದರೆ ತೌಬಾ ಕೂಡ ಸಾಲದು ಎನ್ನಿಸಿ, ಚಹಾ ಮುಟ್ಟದೆ ಎದ್ದು ಬೂಟು ಹಾಕಿಕೊಂಡಳು. ಅಂಗಳದ ಹಿಮದಲ್ಲಿ ಐಜಿರೆಕ್ ಕೋಟಿಲ್ಲದೆ ಹಿಂದೆ ಓಡಿಬಂದಳು.

"ಅಕ್ಕಾ, ಬೈಯ್ಬೇಡಿ, ಒಂದೇ ಮಾತು. ರಾಜಧಾನೀಲಿ ಗೆದ್ದು ದುಡ್ಡು ಬಂದ್ರೆ ಮುಂದೆ ಏನು ಹಾಕಿಸ್ಲಿ? ಇನ್ನೂ ದೊಡ್ಡ ಕಾರ್ಡಾ?"

"ಕುರ್ಚಿ ತಗೋ!" ಅನಾರ್‌ಕುಲ್ ಗದರಿದಳು. "ಬಕೆಟ್ಟಿನ ಮೇಲೆ ಕೂತು ಬೆನ್ನು ಮುರ್ಕೊಂಡ್ರೆ ಅದಕ್ಕೆ ಬೇರೆ ತುಂಡು ನನ್ನ ಹತ್ರ ಇಲ್ಲ. ಹೋಗು ಒಳಗೆ, ಕೋಟಿಲ್ಲದೆ ಬಂದಿದೀಯ, ಬುದ್ಧಿ ಇಲ್ವಾ?"