ಎಡಬದಿಯ ಪಾಠವನ್ನು ತಿದ್ದಿದ ಚನ್ನಬಸಮ್ಮನವರು

ನಮ್ಮ ಸೀಮೆಯ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣವೆಂದರೆ ಕಬಡ್ಡಿ, ಖೊಖೊ, ಆಗಸ್ಟ್ ಹದಿನೈದರ ಕವಾಯತು ಎಂಬಷ್ಟಕ್ಕೇ ನಿಂತಿದ್ದ ಕಾಲದಲ್ಲಿ, ಮಕ್ಕಳು ಮನೆಯಿಂದ ಹೊರಟು ಜೀವಸಹಿತ ಶಾಲೆ ಸೇರುವುದೂ ಜೀವಸಹಿತ ಮನೆಗೆ ಮರಳುವುದೂ ತಮ್ಮ ವಿಷಯಕ್ಕೇ ಸೇರಿದ್ದೆಂದು ತಿಳಿದು, ಆಟದ ಮೈದಾನವನ್ನು ಪೇಟೆಯ ರಸ್ತೆಯವರೆಗೂ ವಿಸ್ತರಿಸಿದವರು ಶ್ರೀಮತಿ ಚನ್ನಬಸಮ್ಮನವರು. ಅವರ ನಿವೃತ್ತಿಯ ಈ ಗ್ರಂಥಕ್ಕೆ ಲೇಖನ ಬೇಕೆಂದು ಸಂಪಾದಕರು ಕೇಳಿದಾಗ, ಒಂದು ಘಟನೆಯನ್ನು ಬಿಟ್ಟು ನಾನು ಬರೆಯಲಾರೆ, ಅಭಿನಂದನೆಯ ಪುಸ್ತಕದಲ್ಲಿ ಅದು ಸಲ್ಲುವುದೋ ಇಲ್ಲವೋ ಎಂದು ಹಿಂಜರಿದೆ. ಸುದ್ದಿ ತಿಳಿದ ಚನ್ನಬಸಮ್ಮನವರೇ ಹೇಳಿ ಕಳಿಸಿದರು: "ಅದನ್ನೇ ಬರೀರಿ ಮೇಷ್ಟ್ರೇ. ಅದನ್ನ ಬಿಟ್ಟು ಬರೆಯೋದಾದ್ರೆ ನನ್ನ ವಿಚಾರ ಬರೀಲೇಬೇಡಿ."

ನಂಜನಗೂಡಿನಲ್ಲಿ ಹುಟ್ಟಿ ಬೆಳೆದ ಅವರು ಸೇವೆಗೆ ಸೇರಿದ್ದು ಹುಲ್ಲಹಳ್ಳಿಯಲ್ಲಿ. ಶಾಲೆಗೆ ಸರ್ಕಾರದ ಸೈಕಲ್ಲುಗಳು ಬಂದ ವರ್ಷ, ಹತ್ತಲೂ ಬಾರದ ಹೆಣ್ಣುಮಕ್ಕಳನ್ನು ನಾಲೆಯ ಏರಿಯ ಮೇಲೆ ಸೈಕಲ್ಲಿಗೆ ಕೂರಿಸಿ, ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತಿದ್ದರಂತೆ. ದುಪಟ್ಟಾ ಚಕ್ರಕ್ಕೆ ಸಿಕ್ಕೀತೆಂದು ಪ್ರತಿಯೊಬ್ಬಳದನ್ನೂ ತಾವೇ ಅಡ್ಡ ಸುತ್ತಿ ಸೊಂಟಕ್ಕೆ ಗಂಟು ಹಾಕುವರು. ಆಯುಧಪೂಜೆಯ ದಿನ ಮಕ್ಕಳು ಸೈಕಲ್ಲಿನ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಬಿಲ್ಲೆಗೆ ಭಕ್ತಿಯಿಂದ ವಿಭೂತಿ ಬಳಿದರೆ, ಮರುದಿನ ಒದ್ದೆ ಬಟ್ಟೆ ಹಿಡಿದು ಒರೆಸುವರು. "ದೇವ್ರಿಗೆ ಕಂಡ್ರೆ ಸಾಲ್ದು ಕಣವ್ವ, ಲಾರಿಯವ್ನಿಗೂ ಕಾಣ್ಬೇಕು" ಎನ್ನುವರು. ಮುಂದೆ ನಂಜನಗೂಡಿನ ಶಾಲೆಗೆ ಬಂದಾಗಲೂ, ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ ಸರಿಯಾಗಿ ಗೇಟಿನ ಬಳಿ ಸೀಟಿ ಹಿಡಿದು ನಿಂತು, ರಸ್ತೆ ತಿಳಿಯಾಗುವವರೆಗೆ ಒಂದು ಸೈಕಲ್ಲನ್ನೂ ಹೊರಗೆ ಬಿಡುತ್ತಿರಲಿಲ್ಲ.

ಅವರು ತಿ. ನರಸೀಪುರಕ್ಕೆ ವರ್ಗವಾಗಿ ಬಂದಾಗ ನಾನು ಅಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ಸಂಜೆ ದೀಪ ಹಚ್ಚಿದ ಮೇಲೆ ತಾತ ರಾಗವಾಗಿ ಓದುತ್ತಿದ್ದ ಕಾವ್ಯವನ್ನು ಕಂಬಕ್ಕೊರಗಿ ಕೇಳುತ್ತ ಬೆಳೆದವನು ನಾನು. ಮಾತಿಗಿಂತ ಕೇಳುವುದೇ ನನಗೆ ಹೆಚ್ಚು ರೂಢಿ. ಹಾಗಾಗಿ ಚನ್ನಬಸಮ್ಮನವರು ತಾವೇ ಕಟ್ಟಿ ಬೆಳಗಿನ ಪ್ರಾರ್ಥನೆಯ ಬಳಿಕ ಮಕ್ಕಳಿಂದ ಹೇಳಿಸುತ್ತಿದ್ದ ಪದ್ಯ ಇಂದಿಗೂ ನನ್ನ ಕಿವಿಯಲ್ಲಿದೆ:

ಎಡಕೆ ಎಡಕೆ ಎಡಕೆ ಸಾಗು
ರಸ್ತೆಯಂಚಿಗಂಟಿ ಹೋಗು
ದೊಡ್ಡ ಗಾಡಿ ಬಂದರೇನು
ಅಂಚು ಬಿಡದೆ ನಡೆಯೊ ನೀನು

ಮಕ್ಕಳು ಅದನ್ನು ಮಂತ್ರದಂತೆ ಹೇಳುವರು, ಹೇಳಿದಂತೆಯೇ ನಡೆಯುವರು. ಹೊಳೆಯಾಚೆಯ ಹಳ್ಳಿಯಿಂದ ಅಕ್ಕನ ಹಳೆಯ ಸೈಕಲ್ಲಿನಲ್ಲಿ ಬರುತ್ತಿದ್ದ ಒಂಬತ್ತನೇ ತರಗತಿಯ ಕವನ ಅವರೆಲ್ಲರಿಗಿಂತ ವಿಧೇಯಳು.

ಒಂದು ಬೆಳಿಗ್ಗೆ ಬಸ್ ನಿಲ್ದಾಣದ ತಿರುವಿನಲ್ಲಿ ಒಂದು ಬಸ್ಸು ನಿಧಾನಿಸಿ ನಿಂತಿತ್ತು. ಕವನ ಕಲಿತಂತೆ ರಸ್ತೆಯ ಎಡ ಅಂಚಿಗೆ ಅಂಟಿಕೊಂಡು, ಬಸ್ಸಿನ ಮಗ್ಗುಲಲ್ಲೇ ಮುಂದೆ ಸಾಗಿದಳು. ಬಸ್ಸು ಎಡಕ್ಕೆ ತಿರುಗಿತು. ಅದರ ಹಿಂದಿನ ಚಕ್ರ ಮೂಲೆಯನ್ನು ಕತ್ತರಿಸಿಕೊಂಡು ಬಂದು ಸೈಕಲ್ಲನ್ನು ಒರಸಿ ಕೆಡವಿತು, ಹುಡುಗಿಯ ಬಲಪಾದದ ಮೇಲೆ ಹರಿಯಿತು. ಜನ ಕೂಗಿಕೊಂಡಾಗಲೇ ಡ್ರೈವರಿಗೆ ಅಲ್ಲೊಂದು ಮಗು ಇತ್ತೆಂದು ಗೊತ್ತಾದದ್ದು. ಆತ ಕೆಳಗಿಳಿದು ಚಕ್ರ ನೋಡಿದವನು ರಸ್ತೆಯಲ್ಲೇ ಕುಸಿದು ಕೂತ.

ಮೈಸೂರಿನ ಆಸ್ಪತ್ರೆಗೆ ಚನ್ನಬಸಮ್ಮನವರ ಜೊತೆ ನಾನೂ ಹೋಗಿದ್ದೆ. ಪಾದದ ಎರಡು ಬೆರಳು ತೆಗೆದಿದ್ದರು. ಮಂಪರಿನಲ್ಲಿದ್ದ ಮಗು ಇವರನ್ನು ಕಂಡೊಡನೆ ಬೈಸಿಕೊಳ್ಳುವೆನೆಂದು ಹೆದರಿ, "ಮಿಸ್, ನಾನು ಎಡಗಡೇಲೇ ಇದ್ದೆ ಮಿಸ್. ನೀವ್ ಯೋಳ್ದಂಗೇ ಇದ್ದೆ" ಎಂದಳು.

ಆ ಮಾತಿಗೆ ಚನ್ನಬಸಮ್ಮನವರ ಮುಖ ಹೇಗಾಯಿತೆಂಬುದನ್ನು ಬರೆಯಲು ನನಗೆ ಶಕ್ತಿಯಿಲ್ಲ. ಬಾಗಿಲಲ್ಲಿ ನಿಂತಿದ್ದ ತಂದೆ ಮರಿಯಯ್ಯ ಕೂಗಾಡಲಿಲ್ಲ. "ನಿಮ್ ಪದ್ಯ ಮನೇಲೂ ಆಡ್ಕಂಡು ಓಡಾಡೋಳು ಮೇಡಮ್ಮೋರೇ. ಸಾಕು. ಇನ್ನು ಸೈಕಲ್ಲೂ ಬ್ಯಾಡ, ಇಸ್ಕೂಲೂ ಬ್ಯಾಡ" ಎಂದಷ್ಟೇ ಅಂದರು. ಅವರ ಹಳ್ಳಿಗೆ ಶಾಲೆಯ ಹೊತ್ತಿಗೆ ಬಸ್ಸಿಲ್ಲ. ಸೈಕಲ್ ನಿಂತರೆ ಹುಡುಗಿಯ ಓದೂ ನಿಂತಂತೆಯೇ.

"ನೀವಾಗಿ ತಪ್ಪು ಒಪ್ಕೋಬೇಡಿ ಮೇಡಂ, ಎಲ್ಲಿಗೋ ಹೋಗಿ ಮುಟ್ತದೆ" ಎಂದು ಗಣಿತದ ಮೇಷ್ಟ್ರು ರವಿಕುಮಾರ್ ಚನ್ನಬಸಮ್ಮನವರ ಒಳಿತಿಗೇ ಹೇಳಿದರು. ಮರುದಿನ ಪ್ರಾರ್ಥನೆಯಾದ ಮೇಲೆ ಮಕ್ಕಳು ಅಭ್ಯಾಸಬಲದಿಂದ ಪದ್ಯ ಎತ್ತಿಕೊಳ್ಳುವಷ್ಟರಲ್ಲಿ ಚನ್ನಬಸಮ್ಮನವರು ಕೈಯೆತ್ತಿ ತಡೆದರು. "ನಿಲ್ಲಿಸ್ರಪ್ಪ. ನಾನು ನಿಮಗೆ ಅರ್ಧ ಪಾಠ ಕಲಿಸಿದ್ದೆ. ಆ ಅರ್ಧ ಪಾಠ ಕವನಳ ಕಾಲು ತಿಂತು." ಗುರುವು ಶಿಷ್ಯರೆದುರು ಹೀಗೆ ನಿಂತದ್ದನ್ನು ನಾನು ಕಂಡಿರಲಿಲ್ಲ, ಕೇಳಿರಲೂ ಇಲ್ಲ.

ಆ ಭಾನುವಾರ ಬೇರೊಂದು ಖಾಸಗಿ ಬಸ್ಸಿನ ಡ್ರೈವರ್ ಶಿವಸ್ವಾಮಿಯವರನ್ನು ಒಪ್ಪಿಸಿ, ಅವರ ಬಸ್ಸನ್ನೇ ಶಾಲೆಯ ಮೈದಾನಕ್ಕೆ ತರಿಸಿದರು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಡ್ರೈವರ್ ಸೀಟಿಗೆ ಹತ್ತಿಸಿ, ತಾವು ಸೈಕಲ್ ಹಿಡಿದು ಬಸ್ಸಿನ ಎಡಮಗ್ಗುಲಿಗೆ ಹೋಗಿ ನಿಂತರು. "ನಾನೆಲ್ಲಿವ್ನಿ ಯೋಳ್ರಪ್ಪ" ಎಂದು ಕೆಳಗಿನಿಂದ ಕೂಗುವರು. ಮಕ್ಕಳು ಕತ್ತು ಚಾಚಿ ಕನ್ನಡಿ ನೋಡುವರು. ಮೊದಮೊದಲು ನಗುತ್ತಿದ್ದ ಮಕ್ಕಳು, ಇಳಿದೊಡನೆ ಎಡಮಗ್ಗುಲಿಗೆ ಓಡಿ ಬಂದು ಅವರು ನಿಜವಾಗಿ ಅಲ್ಲಿದ್ದಾರೆಯೇ ಎಂದು ನೋಡುವರು. ನಾನೂ ಹತ್ತಿದೆ. ಕನ್ನಡಿಯಲ್ಲಿ ಕಾಂಪೌಂಡು ಕಂಡಿತು, ಹೊಂಗೆಯ ಮರ ಕಂಡಿತು. ಕೈಯಳತೆಯಲ್ಲಿ ನಿಂತಿದ್ದ ಚನ್ನಬಸಮ್ಮನವರು ಮಾತ್ರ ಇರಲಿಲ್ಲ.

ಚನ್ನಬಸಮ್ಮನವರೇ ಕರೆಸಿದ್ದ ಮರಿಯಯ್ಯನವರು ಕೊನೆಗೆ ಹತ್ತಿದರು. "ಎಲ್ಲೋದ್ರೀ ಮೇಡಮ್ಮೋರೇ?"

"ಇಲ್ಲೇ ಇವ್ನಿ ಕಣಪ್ಪ, ನಿಮ್ಮ ಮಗ್ಳು ಇದ್ದ ಜಾಗದಲ್ಲೇ."

ಮರಿಯಯ್ಯ ಸ್ಟಿಯರಿಂಗಿಗೆ ಹಣೆಯೊತ್ತಿ ಬಹಳ ಹೊತ್ತು ಇಳಿಯಲೇ ಇಲ್ಲ. ಪಕ್ಕದಲ್ಲಿದ್ದ ಶಿವಸ್ವಾಮಿ ಮೆಲ್ಲಗೆ, "ನಮ್ಗೂ ಮಕ್ಳವ್ರೆ ಕಣಣ್ಣ. ಕಾಣಕಿಲ್ಲ ಅಂದ್ರೆ ಕಾಣಕಿಲ್ಲ" ಎಂದರು. ಅಂದಿನಿಂದ ಮಕ್ಕಳಿಗೆ ಇನ್ನರ್ಧ ಪಾಠವೂ ಸಿಕ್ಕಿತು: ತಿರುವಿನಲ್ಲಿ ದೊಡ್ಡ ಗಾಡಿ ಇದ್ದರೆ ಅದರ ಮಗ್ಗುಲಿಗೆ ಹೋಗಬೇಡಿ, ಹಿಂದೆ ದೂರ ನಿಲ್ಲಿ, ಕಾಲು ನೆಲಕ್ಕಿಡಿ, ಅದು ತಿರುಗಿ ಹೋದ ಮೇಲೆ ಹೊರಡಿ.

ಮರಿಯಯ್ಯ ಮಗಳನ್ನು ಶಾಲೆ ಬಿಡಿಸಲಿಲ್ಲ. ಕೂಲಿಗೆ ಹೋಗುವ ಮುನ್ನ ತಮ್ಮ ಮೊಪೆಡ್ಡಿನಲ್ಲಿ ತಂದು ಬಿಡುವರು. ಸೈಕಲ್ಲಿನ ಮಾತೆತ್ತಿದರೆ ಮುಖ ತಿರುಗಿಸುವರು. ಚನ್ನಬಸಮ್ಮನವರು ಒಮ್ಮೆಯೂ ಒತ್ತಾಯಿಸಲಿಲ್ಲ. ಸಂಜೆ ಮೈದಾನದಲ್ಲಿ, ಕುಂಟುತ್ತಿದ್ದ ಹುಡುಗಿಯನ್ನು ಸೈಕಲ್ಲಿಗೆ ಹತ್ತಿಸಿ, ಹುಲ್ಲಹಳ್ಳಿಯ ನಾಲೆ ಏರಿಯಲ್ಲಿ ಮಾಡಿದಂತೆಯೇ ಹಿಂದೆ ಹಿಂದೆ ನಡೆಯುವರು. ಆಗ ಅವರಿಗೆ ಮಂಡಿನೋವಿತ್ತು.

ಈ ವರ್ಷ ಅವರ ನಿವೃತ್ತಿಗೆ ಕೆಲವೇ ದಿನಗಳಿದ್ದಾಗ, ಅದೇ ತಿರುವಿನಲ್ಲಿ ನಾನು ರಸ್ತೆ ದಾಟಲು ನಿಂತಿದ್ದೆ. ಒಂದು ಬಸ್ಸು ನಿಧಾನಿಸಿತು. ಅದರ ಹಿಂದೆ ಸೈಕಲ್ಲಿನ ಮೇಲೆ ಕವನ ಇದ್ದಳು. ತಡೆಯಲೆಂದು ಕೈಯೆತ್ತಿ ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳ ಹಿಂದಿನ ಹುಡುಗರು ಬೆಲ್ಲು ಬಾರಿಸುತ್ತ, "ನುಗ್ಗಮ್ಮೀ, ಪಕ್ಕದಲ್ಲಿ ಆನೆ ಓಗೋವಷ್ಟು ಜಾಗ ಐತೆ!" ಎಂದು ಹಂಗಿಸಿದರು.

"ಆನೆ ಓಗ್ಲಿ, ನೀನೂ ಓಗು. ನಾನ್ ಓಗಕಿಲ್ಲ ಕಣೋ" ಎಂದ ಹುಡುಗಿ, ಆ ಮುರುಕು ಪಾದವನ್ನು ನೆಲಕ್ಕೂರಿ ನಿಂತೇ ಇದ್ದಳು. ಬಸ್ಸು ಎಡಕ್ಕೆ ತಿರುಗಿತು. ಹಿಂದಿನ ಚಕ್ರ ಮೂಲೆಯ ಕಲ್ಲನ್ನು ಸವರಿಕೊಂಡು ಹೋಯಿತು. ಹುಡುಗರ ಬೆಲ್ಲು ನಿಂತಿತು. ಆಮೇಲೆ ಕವನ ಪೆಡಲ್ ತುಳಿದಳು.

ಶಾಲೆಗೆ ಓಡಿಹೋಗಿ ಚನ್ನಬಸಮ್ಮನವರಿಗೆ ಹೇಳಿದೆ. "ಅವಳಪ್ಪ ಬಿಟ್ರಾ!" ಎಂದರು. ಮತ್ತೆ, "ಹಿಂದೆ ನಿಂತಿದ್ಳಾ ಮೇಷ್ಟ್ರೇ? ಬಸ್ಸಿನ ಹಿಂದೆ?" ಎಂದು ಕೇಳಿದರು. ಹಿಂದೆಯೇ ಎಂದೆ. ಅವರು ನಲ್ಲಿಯ ಕಡೆಗೆ ತಿರುಗಿ ಎಷ್ಟೋ ಹೊತ್ತು ಮುಖ ತೊಳೆಯುತ್ತಿದ್ದರು.

ಅವರ ಹುಟ್ಟೂರಿನ ನಂಜುಂಡಸ್ವಾಮಿಯು ಅವರಿಗೆ ನೂರು ವರ್ಷದ ಆಯುಸ್ಸನ್ನೂ ನೋವಿಲ್ಲದ ಮಂಡಿಗಳನ್ನೂ ಕರುಣಿಸಲಿ. ನಿವೃತ್ತಿ ಸರ್ಕಾರದ ಲೆಕ್ಕದಲ್ಲಿ ಮಾತ್ರ. ಜೂನ್ ತಿಂಗಳಿಗೆ ಎಂಟನೇ ತರಗತಿಗೆ ಹೊಸ ಮಕ್ಕಳು ಬರುತ್ತಾರೆ, ಶಿವಸ್ವಾಮಿಯವರು ಬಸ್ಸು ತರಲು ಒಪ್ಪಿದ್ದಾರೆ. ಮಕ್ಕಳನ್ನು ಡ್ರೈವರ್ ಸೀಟಿಗೆ ಹತ್ತಿಸುವವಳು ಈ ಸಲ ಕವನ. ಕೆಳಗೆ ಎಡಮಗ್ಗುಲಲ್ಲಿ ಸೈಕಲ್ ಹಿಡಿದು ನಿಲ್ಲಲು ಚನ್ನಬಸಮ್ಮನವರು ದಯಮಾಡಿ ಬರಬೇಕು.