ಅಮ್ಮ ಕಟ್ಟಿದ ಸೋಬಾನೆ

ನಾವಿನ್ನೂ ಕೋಲಾರ ಜಿಲ್ಲೆಗೇ ಸೇರಿದ್ದ ಕಾಲ. ಅಮ್ಮನನ್ನು ಕೆಂಚಾರ್ಲಹಳ್ಳಿಯಿಂದ ಕರೆತಂದು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಸೇರಿಸಿದ್ದೆವು. ಕ್ಯಾನ್ಸರ್ ಎಂದು ಅವಳಿಗೆ ಹೇಳಕೂಡದೆಂದು ಅಪ್ಪ ಎಲ್ಲರ ಬಾಯಿ ಕಟ್ಟಿದ್ದರು. ಹೊಟ್ಟೆಯ ಹುಣ್ಣು, ವಾಸಿಯಾಗುತ್ತೆ ಎನ್ನುತ್ತಿದ್ದೆವು. ಅವಳು ಏನೂ ಕೇಳದೆ ತಲೆಯಾಡಿಸುತ್ತಿದ್ದಳು. ಆ ತಲೆಯಾಡಿಸುವುದೇ ನನಗೆ ಭಯ ಹುಟ್ಟಿಸುತ್ತಿತ್ತು.

ವಾರಕ್ಕೊಮ್ಮೆ ಒಬ್ಬ ಮೇಡಂ ಕಂಜೀರ ಹಿಡಿದು ವಾರ್ಡಿಗೆ ಬರುತ್ತಿದ್ದರು. ಕಾಯಿಲೆಯವರ ಪಕ್ಕ ಕೂತು, ಮನಸ್ಸಿಗೆ ಬಂದದ್ದನ್ನು ಹಾಡು ಕಟ್ಟಿ ಹೇಳಿ ಎನ್ನುವುದೇ ಅವರ ಚಿಕಿತ್ಸೆ. ನನಗೆ ಮೈ ಉರಿಯುತ್ತಿತ್ತು. ಗಂಜಿ ಇಳಿಯದ ಗಂಟಲಿಗೆ ಹಾಡೊಂದು ಕೇಡು! ಆದರೆ ಅಮ್ಮ ಊರಿನ ಮದುವೆಗಳಲ್ಲಿ ಸೋಬಾನೆ ಹೇಳಿ ಪಳಗಿದವಳು. ಅವಳು ಒಂದು ಸಾಲು ಹೇಳಿದರೆ ಉಳಿದ ಹೆಂಗಸರು ಅದನ್ನೇ ತಿರುಗಿ ಹಾಡಿ ಸೊಲ್ಲು ಹಿಡಿಯುತ್ತಿದ್ದರು. ನೆಂಟರನ್ನೆಲ್ಲ ಅಲ್ಲಲ್ಲೇ ಸೇರಿಸಿಕೊಂಡು ಪದ ಬೆಳೆಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ನನ್ನ ಮದುವೆಯ ಪದ ಶುರು ಮಾಡಿಯೇಬಿಟ್ಟಳು. ನನಗಿನ್ನೂ ಗಂಡೇ ಗೊತ್ತಾಗಿರಲಿಲ್ಲ.

ಚಪ್ಪರ ಹಾಕಲು ಸೋದರಮಾವ ಬರಲಿ ಎಂದು ಒಂದು ವಾರ ಹಾಡಿದಳು. ಅರಿಶಿನ ಹಚ್ಚಲು ಸೋದರತ್ತೆ ಬರಲಿ ಎಂದು ಇನ್ನೊಂದು ವಾರ. ಮನೆ ಬಿಟ್ಟು ಹೋಗುವವಳು ಒಬ್ಬೊಬ್ಬರ ಕೈಗೂ ಒಂದೊಂದು ಬೀಗದ ಕೈ ಕೊಟ್ಟಂತಿತ್ತು. ಮೇಡಂ ಬರುವ ದಿನವೆಂದರೆ ಬೆಳಗಿನಿಂದಲೇ ನಾನು ಬಾಗಿಲ ಕಡೆ ನೋಡುತ್ತಿದ್ದೆ.

ಅಂಥದೊಂದು ದಿನ ಅಪ್ಪ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಮಂಚದ ಸುತ್ತ ಇದ್ದರು. ಕಂಜೀರ ಸದ್ದು ಮಾಡಿತು. ಅಮ್ಮ ಕಣ್ಣು ಮುಚ್ಚಿ ಹಾಡಿದಳು:

"ಧಾರೆಯ ಎರೆಯಾಕೆ ಚಿಕ್ಕಪ್ಪ ಬರಲಿ,
ಜೋಡೀಲಿ ಚಿಕ್ಕಮ್ಮ ಕೂರಲಿ, ಸೋಬಾನೆ."

ನಮ್ಮ ಕಡೆ ಮಗಳನ್ನು ಧಾರೆ ಎರೆಯಲು ಅಪ್ಪ, ಅಮ್ಮ ಜೋಡಿಯಾಗಿಯೇ ಕೂರಬೇಕು. ಒಬ್ಬರು ತೀರಿಕೊಂಡಿದ್ದರೆ ಇನ್ನೊಬ್ಬರು ಕೂರುವ ಹಾಗಿಲ್ಲ. ಚಿಕ್ಕಮ್ಮ ತೆಲುಗಿನಲ್ಲಿ ಸಾಕು ಮಾಡು ಎಂದು ಗದರಿದಳು. ಇದೊಂದೂ ತಿಳಿಯದ ಮೇಡಂ, ಹಾಗಾದರೆ ಹುಡುಗಿಯ ಅಪ್ಪ ಎಲ್ಲಿರುತ್ತಾರೆ ಎಂದು ನಗುತ್ತಾ ಕೇಳಿದರು.

"ಅವ್ರು ಕಂಬದ ಹತ್ರ ನಿಂತ್ಕೊಂಡು ನೋಡ್ಲಿ," ಅಂದಳು ಅಮ್ಮ. "ಮುಹೂರ್ತದಾಗೆ ಅಳಬಾರ್ದು ಅಂತ ಯಾರಾದ್ರೂ ಹೇಳ್ರಪ್ಪ."

ಅಪ್ಪನ ಕೈಯಲ್ಲಿದ್ದ ಎಳನೀರಿನ ಲೋಟ ಅಲ್ಲೇ ನಿಂತಿತು.

ಅಮ್ಮ ನನ್ನ ಮಣಿಕಟ್ಟು ಹಿಡಿದಳು. ಮೂಳೆಯಷ್ಟೇ ಉಳಿದ ಆ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ. "ನಾನೊಬ್ಳೇ ಹೇಳ್ತಾ ಇದೀನಿ. ನೀನೂ ಸೊಲ್ಲು ಹಿಡಿಯಮ್ಮ."

ಹಿಡಿದರೆ ನಮ್ಮ ಸುಳ್ಳೆಲ್ಲ ಅಲ್ಲಿಗೆ ಮುಗಿಯುತ್ತಿತ್ತು, ಆಸೆಯೂ. ಹಿಡಿಯದಿದ್ದರೆ ಅವಳು ಒಂಟಿ. ಅಪ್ಪನ ಕಡೆ ನೋಡಿದೆ. ಬೇಡ, ಬೇಡ ಎಂದು ಅವರು ತಲೆಯಾಡಿಸುತ್ತಿದ್ದರು.

ನಾನು ಸೊಲ್ಲು ಹಿಡಿದೆ.