ಕೆರೆಯ ಕಟ್ಟೆ ಕಡಿದ ಬೇಸಿಗೆ

ನಮ್ಮ ಕೆರೆ ಮನೆಗಿಂತ ಎತ್ತರದಲ್ಲಿದೆ. ಹುಲೇಕಲ್ ಕಡೆಯ ಗುಡ್ಡದ ಇಳಿಜಾರು ಅದು. ಮೇಲೆ ಕೆರೆ, ನಡುವೆ ಬಾಳೆಯ ಹಿತ್ತಲು, ಕೆಳಗೆ ಮನೆ. ಊರ ಕೆರೆಯಷ್ಟು ದೊಡ್ಡದಲ್ಲ, ಹತ್ತು ಎಮ್ಮೆ ಇಳಿದರೆ ತುಂಬಿಹೋಗುತ್ತದೆ. ಪಂಪು ಬೇಡ, ಪೈಪು ಹಾಕಿದರೆ ನೀರು ತಾನೇ ಇಳಿಯುತ್ತದೆ ಎಂದು ನನ್ನ ಗಂಡ ಅಲ್ಲಿ ತೋಡಿದರು. ಅವರು ಹೋದರು, ಕೆರೆ ಉಳಿಯಿತು.

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಅದರ ಕೆಲಸ ಇದ್ದದ್ದೇ. ಹೂಳು ತೆಗೆದು ಬಾಳೆ ಬುಡಕ್ಕೆ ಹಾಕಬೇಕು. ಏಡಿ ಕೊರೆದ ತೂತುಗಳಿಗೆ ಜೇಡಿಮಣ್ಣು ಮೆತ್ತಿ ಕಟ್ಟೆಯನ್ನು ಬಡಿಯಬೇಕು. ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿಯ ಕಸ ತೆಗೆಯಬೇಕು. ಈ ವರ್ಷ ನಾನು ಅದ್ಯಾವುದನ್ನೂ ಮಾಡಲು ಬಿಡಲಿಲ್ಲ.

ಹೋದ ಮಳೆಗಾಲದಲ್ಲಿ ಅಂಗಳದಲ್ಲಿ ಒಂದು ಬಿರುಕು ಬಿದ್ದಿತ್ತು. ದೀಪಾವಳಿಗೆ ಸೊಸೆ ಹೊಸ ಮಣ್ಣು ಹಾಕಿ, ಬಡಿದು, ಸಗಣಿ ಸಾರಿಸಿದಳು. ಅಂಗಳ ಬಿರಿದರೆ ನಮ್ಮಲ್ಲಿ ಎಲ್ಲರೂ ಮಾಡುವುದು ಅದನ್ನೇ. ಸಂಕ್ರಾಂತಿ ಹೊತ್ತಿಗೆ ಅದೇ ಗೆರೆಯಲ್ಲಿ ಮತ್ತೆ ಬಾಯಿ ಬಿಟ್ಟಿತು. ಮತ್ತೆ ಸಾರಿಸಿದಳು. ಬೇಸಿಗೆಯಲ್ಲಿ ಬಾಳೆಯ ಒಣಗಿದ ಎಲೆ ಕೊಯ್ಯಲು ಹೋದಾಗ ಹಿತ್ತಲಲ್ಲೂ ಬಿರುಕು ಕಂಡಿತು. ಕಸ ಗುಡಿಸುವ ಹಿಡಿಸೂಡಿಯ ಕಡ್ಡಿ ಇಳಿಸಿದೆ, ಪೂರ್ತಿ ಒಳಗೆ ಹೋಯಿತು. ಗೆರೆ ಹಿಡಿದು ಹತ್ತಿದೆ. ಅದು ಕೆರೆಯ ಕಟ್ಟೆಯ ಬುಡಕ್ಕೆ ಮುಟ್ಟಿತ್ತು.

ಯಲ್ಲಾಪುರದ ಕಡೆ ನನ್ನ ತಂಗಿಯ ಮನೆ ಗುಡ್ಡ ಕುಸಿದು ಹೋಯಿತು. ಅಲ್ಲಿಯೂ ಮೊದಲು ಬಿರಿದದ್ದು ಅಂಗಳವೇ. ಅವಳು ಉಟ್ಟ ಸೀರೆಯಲ್ಲಿ ಹೊರಗೆ ಓಡಿದಳು. ಅವಳ ಗಂಡ ಓಡಲಿಲ್ಲ.

ಕೆರೆಯ ನೀರು ಆ ಬಿರುಕಿಗೆ ಇಳಿದರೆ ನಮ್ಮ ಗುಡ್ಡವೂ ಜಾರುತ್ತದೆ ಎಂದು ಮಗನಿಗೆ ಕೆರೆ ಒಡೆಯಲು ಹೇಳಿದೆ.

"ಅವ್ವಾ, ತಲೆ ಸರಿ ಇದ್ಯಾ ನಿಂಗೆ? ಬಾಳೆ ಈಗ ಗೊನೆ ಹಾಕಿದ್ದು. ನೀರು ಬಿಟ್ಟು ಖಾಲಿ ಮಾಡಿದ್ರೆ ಎಂತ ಕುಡೀತದೆ ಅದು?"

"ಒಣಗ್ಲಿ. ಬಾಳೆ ಮತ್ತೆ ನೆಡ್ಬಹುದು."

"ಅಪ್ಪ ತೋಡಿದ ಕೆರೆ."

"ಅಪ್ಪ ತೋಡಿದ್ರು, ಮಣ್ಣು ಹೊತ್ತವ್ಳು ನಾನು. ನೀ ಕಡಿತ್ಯೋ, ನಾನೇ ಕಡೀಲೋ?"

ಅವನು ಎದ್ದು ಒಳಗೆ ಹೋದ. ಗುದ್ದಲಿ ಹಿಡಿದು ನಾನೇ ಹತ್ತಿದೆ. ಕೆಳಮನೆಯ ಭಾವ ಬೇಲಿಯ ಹತ್ತಿರ ನಿಂತು ನಗಾಡಿದರು. "ಅತ್ತಿಗೇ, ಕೆರೆ ಕಟ್ಟೋರ್ನ ನೋಡಿದ್ದೆ. ಒಡಿಯೋರ್ನ ಇವತ್ತೇ ನೋಡಿದ್ದು."

"ನಿಮ್ಮನೆ ನಮ್ಮನೆಗಿಂತ ಕೆಳಗದೆ ಭಾವ. ಮಣ್ಣು ಬಂದ್ರೆ ನಮ್ಮನೆ ಹಂಚಿನ ಮಾಡೂ ಸೇರಿ ನಿಮ್ಮ ಮೇಲೇ ಬರೂದು. ಮತ್ತೆ ನಗಾಡಿ."

ಅವರ ನಗು ನಿಂತಿತು. ಒಳಗೆ ಹೋಗಿ ಪಿಕಾಸಿ ತಂದರು. ಅವರು ಕಟ್ಟೆ ಹತ್ತಿದ ಮೇಲೆ ಮಗನೂ ಬಂದ. ಕೋಡಿಯ ಬದಿಯಲ್ಲೇ ಕಟ್ಟೆ ಕಡಿದು ನೀರನ್ನು ಹಳ್ಳಕ್ಕೆ ಬಿಟ್ಟೆವು. ಕಡಿತಕ್ಕೆ ಸಿಗದೆ ತಳದಲ್ಲಿ ಉಳಿದದ್ದನ್ನು ಕೊಡದಲ್ಲಿ ಮೊಗೆದು ಹಾಕಿದೆವು, ಸಂಜೆಯ ಹೊತ್ತಿಗೆ ಕೆರೆಯಲ್ಲಿ ಬರೀ ಕೆಸರು. ಸೊಸೆ ಒದ್ದಾಡುವ ಮೀನುಗಳನ್ನು ಬುಟ್ಟಿಗೆ ಹಾಕಿದಳು. ಇನ್ನು ಮಳೆ ಬಂದರೂ ಹೆದರಿಕೆ ಇಲ್ಲ ಎಂದುಕೊಂಡೆ.

ಬೆಳಿಗ್ಗೆ ಹೋಗಿ ನೋಡಿದರೆ ಕಡಿತದ ಮಟ್ಟದ ಕೆಳಗೆ ಮತ್ತೆ ಮೊಣಕಾಲುದ್ದ ನೀರು ನಿಂತಿತ್ತು.

ಮಗ ಇಳಿದು ಗುಡ್ಡದ ಬದಿಯ ಕೆಸರಿಗೆ ಕೈ ಹಾಕಿದ. "ಅವ್ವಾ, ಒಳಗಿಂದ ಬರ್ತಾ ಅದೆ. ತಣ್ಣಗೆ." ಹನಿ ಮಳೆಯಿಲ್ಲದ ಬೇಸಿಗೆಯಲ್ಲಿ ಇಷ್ಟು ನೀರು ಬರುತ್ತಿದ್ದರೆ, ತುಂಬಿದ್ದು ಕೆರೆಯಲ್ಲ, ಗುಡ್ಡವೇ. ಗುಡ್ಡವನ್ನು ಯಾವ ಗುದ್ದಲಿಯಿಂದ ಖಾಲಿ ಮಾಡುವುದು? ನಾನು ಕಟ್ಟೆಯ ಮೇಲೆ ಕೂತೆ.

ಆದರೂ ಬಿಡಲಿಲ್ಲ. ಕಡಿತವನ್ನು ಕೆರೆಯ ತಳದವರೆಗೂ ಇಳಿಸಿ, ಎರಡೂ ಬದಿಗೆ ಕಲ್ಲು ಕಟ್ಟಿದೆವು. ಬಂದ ನೀರು ನಿಲ್ಲದೆ ಹಳ್ಳಕ್ಕೆ ಹೋಗತೊಡಗಿತು. ಪೈಪಿಗೆ ನೀರು ಸಿಗಲಿಲ್ಲ. ಸೊಸೆಯೂ ನಾನೂ ಕೊಡದಲ್ಲಿ ಹೊತ್ತು ಹಾಕಿದ್ದು ಸಾಲದೆ ಬಾಳೆಗಳು ನಡು ಮುರಿದು ಬಿದ್ದವು. ಮಗ ನನ್ನೊಡನೆ ಮಾತು ಬಿಟ್ಟ.

ಮೊದಲ ದೊಡ್ಡ ಮಳೆಗೆ ಅಂಗಳದ ಕೆಳಗಿನ ಅರ್ಧ ಒಂದು ಗೇಣು ಕುಸಿಯಿತು. ಆಗ ಅವನಿಗೆ ಬಾಯಿ ಬಂತು. "ನಡೀರಿ" ಎಂದ, ಅಷ್ಟೇ. ಭಾವನ ಮನೆಯವರೂ ಅದೇ ದಿನ ಬೀಗ ಹಾಕಿದರು.

ನಾನು ಹುಲಗೋಳದಲ್ಲಿರುವ ಮಗಳಿಗೆ ಫೋನು ಮಾಡಿದೆ. ಅಳಿಯನ ಮನೆಯಲ್ಲಿ ಎರಡು ದಿನಕ್ಕಿಂತ ಹೆಚ್ಚು ಉಂಡವಳಲ್ಲ ನಾನು. ಮಳೆಗಾಲ ಮುಗಿಯುವವರೆಗೆ ಇರುತ್ತೇವೆ ಎಂದೆ.

"ಬನ್ನಿ ಅವ್ವಾ. ನಿಮ್ಮ ಎಮ್ಮೆ ಎಲ್ಲಿ ಕಟ್ಟೂದು ಅಂತ ನೋಡ್ಬೇಕು."

"ನನ್ನನ್ನೂ ಅದ್ರ ಹತ್ರಾನೇ ಕಟ್ಟು."

ಈಗ ಇಲ್ಲಿದ್ದೇವೆ. ಆ ಕಡಿತದಲ್ಲಿ ಎಲೆ, ಮಣ್ಣು ಸಿಕ್ಕಿ ನೀರು ಕಟ್ಟಿದರೆ ಕೆರೆ ಒಂದೇ ದಿನಕ್ಕೆ ತುಂಬುತ್ತದೆ. ಅದಕ್ಕೇ ಮಗ ದಿನಾ ಬೆಳಿಗ್ಗೆ ಗುದ್ದಲಿ ಹಿಡಿದು ಅಲ್ಲಿಗೆ ಹೋಗುತ್ತಾನೆ. ಹೋಗಬೇಡ ಎಂದರೆ ಮನೆ ಹೋಗುತ್ತದೆ. ಹೋಗು ಎನ್ನಲು ನನಗೆ ಬಾಯಿಲ್ಲ. ಇವತ್ತೂ ಹೋಗಿದ್ದಾನೆ. ಮಳೆ ಬಿಟ್ಟಿಲ್ಲ. ಸೊಸೆ ಬಾಗಿಲಲ್ಲಿ ನಿಂತಿದ್ದಾಳೆ, ನಾನು ಒಳಗೆ ಬಾ ಎಂದು ಕರೆಯುತ್ತಿಲ್ಲ.